ಅತ್ತೆಯ ಕರಡಿಗೆಗೊಂದು ಯಂತ್ರ

ಬಳ್ಳಾರಿಯಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಸೊಂಟ ಹಿಡಿಸಿಕೊಳ್ಳಬೇಕು. ಅಂಥ ಊರಿನಲ್ಲಿ, ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಹೋದ ಬೇಸಿಗೆ ಪೂರ್ತಿ ಸಮುದ್ರದ್ದೇ ಮಾತು. ಉಪ್ಪು ನೀರಿಗೆ ಯಾವ ಯಂತ್ರ, ಸಿಹಿ ನೀರಿಗೆ ಯಾವುದು, ಅಲೆ ಬಡಿದರೆ ಏನಾಗುತ್ತದೆ, ಒದ್ದೆ ಮರಳಿಗೂ ಒಣ ಮರಳಿಗೂ ಏನು ವ್ಯತ್ಯಾಸ. ಯಾರೋ ಪರದೇಶದ ಗಂಡಸು ಚಡ್ಡಿ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ನಿಂತು, ಕೋಲಿನ ತುದಿಗೆ ಊಟದ ತಟ್ಟೆ ಕಟ್ಟಿದಂಥ ಮೆಟಲ್ ಡಿಟೆಕ್ಟರ್ ಆಡಿಸುತ್ತಾ, ಕೊನೆಗೆ ಮದುವೆ ಉಂಗುರ ಎತ್ತಿ ತೋರಿಸುವ ವಿಡಿಯೊಗಳು ದಿನಾ ಓಡುತ್ತಿದ್ದವು. ನಮ್ಮ ಮನೆಯವರು ಫೋನನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಇಡುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಾ ನೋಡುತ್ತಿದ್ದೆ. ಅತ್ತೆ ಮಾತ್ರ, "ಆ ಪುಣ್ಯಾತ್ಮಂಗ ಒಂದು ಪಂಚೆ ಕೊಡ್ರಪ್ಪಾ ಯಾರರೆ" ಎಂದು ಮುಖ ಆಚೆ ತಿರುಗಿಸಿ ಕೂರುತ್ತಿದ್ದರು.

ಈ ಎಲ್ಲ ಪಜೀತಿಗೆ ಮೂಲ ಅತ್ತೆಯೇ. ಅವರು ಕಳೆದುಕೊಂಡಿದ್ದು ಉಂಗುರವಲ್ಲ, ಕರಡಿಗೆ.

ಕರಡಿಗೆ ಎಂದರೆ ಎದೆಯ ಮೇಲೆ ಶಿವದಾರದಲ್ಲಿ ಇಳಿಬಿಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ. ಅದರೊಳಗೆ ಇಷ್ಟಲಿಂಗ. ಅತ್ತೆ ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ ಅದು. ಡಬ್ಬಿ ಅವರ ಮದುವೆಯಲ್ಲಿ ಅವರ ಅವ್ವ ಮಾಡಿಸಿಕೊಟ್ಟಿದ್ದು. ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸುವವರೆಗೆ ಅತ್ತೆ ಹನಿ ಚಹಾ ಕುಡಿದವರಲ್ಲ. ನನಗೂ ಒಂದು ಕರಡಿಗೆ ಇದೆ, ನಮ್ಮ ಮನೆಯವರಿಗೂ ಇದೆ. ಆದರೆ ನಾವು ಅವಸರದ ಮಂದಿ, ಒಂದು ಕಣ್ಣು ಲಿಂಗದ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ. ಅತ್ತೆಯದು ಹಾಗಲ್ಲ.

ನನ್ನ ನಾದಿನಿಯ ಮನೆ ಸಿರುಗುಪ್ಪದಲ್ಲಿ. ಬೇಸಿಗೆಯ ಶುರುವಿಗೆ ಅಲ್ಲಿಗೆ ಹೋದಾಗ ಅಮಾವಾಸ್ಯೆ ಬಂತು, ಹೊಳೆ ಸ್ನಾನ ಆಗಲೇಬೇಕು ಎಂದರು ಅತ್ತೆ. ತುಂಗಭದ್ರೆಯಲ್ಲಿ ಆಗ ಮೊಣಕಾಲು ನೀರು. ಮುಳುಗು ಹಾಕಲು ಬೇಕೆಂದರೂ ಆಗದು, ಕೂತು ತಲೆ ಬಗ್ಗಿಸಬೇಕು. ಅತ್ತೆ ಹಾಗೆ ಕೂತು ಎದ್ದಾಗ ಎದೆಯ ಮೇಲೆ ಬರೀ ದಾರದ ತುಂಡು. ಎರಡೂ ಕೈ ಎದೆಗೆ ಇಟ್ಟುಕೊಂಡು ನಮ್ಮ ಕಡೆ ನೋಡಿದರು, ಅಷ್ಟೇ. ನಾದಿನಿ, ಅವಳ ಗಂಡ, ನಾವಿಬ್ಬರು, ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು, ಎಲ್ಲರೂ ಮರಳು ಕೆದರಿದೆವು. ಹತ್ತು ಜನ ತುಳಿದ ಮೇಲೆ ಹೊಳೆಯ ಮರಳಿನಲ್ಲಿ ಏನು ಉಳಿಯುತ್ತದೆ? ಕಾಲಿಟ್ಟಲ್ಲೆಲ್ಲ ಕುಸಿದು ಕುಸಿದು, ಇದ್ದದ್ದೂ ಒಳಗೆ ಹೋಯಿತು.

ಮಠಕ್ಕೆ ಹೋದೆವು. ಸ್ವಾಮಿಗಳು ದೊಡ್ಡ ಮನಸ್ಸಿನವರು, ಬೈಯಲಿಲ್ಲ, ಹೊಸ ಲಿಂಗ ಕೊಟ್ಟು ಪೂಜೆ ಬಿಡಬೇಡಿ ಎಂದರು. ಅತ್ತೆ ಬಿಡಲಿಲ್ಲ. ದಿನಾ ಪೂಜೆ ಮಾಡುತ್ತಿದ್ದರು. ಆದರೆ ಎರಡು ರೊಟ್ಟಿ ಉಣ್ಣುವವರು ಅರ್ಧಕ್ಕೆ ಇಳಿದರು. ನನ್ನ ಅಡಿಗೆಗೆ ಹೆಸರಿಡುವುದನ್ನೂ ನಿಲ್ಲಿಸಿದರು. ಉಪ್ಪು ಹೆಚ್ಚಾದರೂ ಸುಮ್ಮನೆ, ಕಡಿಮೆಯಾದರೂ ಸುಮ್ಮನೆ. ಇಪ್ಪತ್ತು ವರ್ಷ ಆ ಬಾಯಿಗೆ ಬೇಸತ್ತಿದ್ದ ನನಗೆ ಆ ಮೌನ ತಡೆಯಲಿಕ್ಕಾಗಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಏನಾಗೈತ್ರಿ ನಿಮಗ? ಹೊಸಾದು ಕೊಟ್ಟಾರಲ್ಲ ಸ್ವಾಮಿಗಳು?"

"ದಿನದ ಪೂಜಿಗಿ ಇದು ನಡೀತೈತಿ ಬೇ," ಎಂದರು. "ನನ್ನ ಮಣ್ಣಾಗ ಕುಂದ್ರಸೋ ಹೊತ್ತಿಗಿ ಕೈಯಾಗ ಅದ ಇರಬೇಕು. ಹುಟ್ಟಿದಾಗಿಂದ ಜತಿಗಿರೋದು ಅದು. ಅದು ಅಲ್ಲಿ ನೀರಾಗ, ನಾ ಇಲ್ಲಿ ಮಣ್ಣಾಗ ಅಂದ್ರ ಹೆಂಗ?"

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ಎಡಗೈಯಲ್ಲಿ ಅವರ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಮಾವನವರನ್ನು ಹಾಗೆ ಕಳಿಸಿ ಬಹಳ ವರ್ಷಗಳಾದವು. ಅತ್ತೆ ಇದನ್ನು ಸಂತೆಗೆ ಹೋಗುವಾಗ ಚೀಲ ಮರೆತೆನಲ್ಲ ಅನ್ನುವಷ್ಟು ಸಹಜವಾಗಿ ಹೇಳಿದರು. ನಾನು ಒಳಗೆ ಹೋಗಿ ನಮ್ಮ ಮನೆಯವರಿಗೆ ಹೇಳಿದೆ, "ಡ್ಯಾಮಿನ ನೀರು ಹೊಳಿಗಿ ಬರೂದ್ರೊಳಗ ಅದು ಸಿಗಬೇಕು, ಅಷ್ಟ." ಮಳೆಗಾಲ ಶುರುವಾಗಿ ಮೇಲಿನಿಂದ ನೀರು ಬಿಟ್ಟರೆ ಆ ಮರಳು ಎಲ್ಲಿಗೆ ಹೋಗುತ್ತದೋ, ಕರಡಿಗೆ ಎಲ್ಲಿಗೆ ಹೋಗುತ್ತದೋ, ಹೇಳುವವರು ಯಾರೂ ಇರಲಿಲ್ಲ. ಯಂತ್ರದ ಮಾತು ಶುರುವಾದದ್ದು ಹೀಗೆ.

ಮೊದಲು ಬಳ್ಳಾರಿ ಪೇಟೆಯಲ್ಲೇ ವಿಚಾರಿಸಿದೆವು. ಕ್ಯಾಮೆರಾ, ಕಳ್ಳರ ಗಂಟೆ ಮಾರುವ ಒಂದು ಅಂಗಡಿಯವನು "ಐತ್ರಿ, ಬರ್ರಿ" ಎಂದು ಕೈಯಳತೆಯ ಒಂದು ಕಪ್ಪು ದಾಂಡು ತೆಗೆದ. ಕಲ್ಯಾಣ ಮಂಟಪದ ಬಾಗಿಲಲ್ಲಿ, ದೊಡ್ಡವರು ಬಂದಾಗ, ಮೈಮೇಲೆ ಆಡಿಸುತ್ತಾರಲ್ಲ, ಅದು. ತೋರಿಸುತ್ತೇನೆಂದು ನನ್ನಿಂದ ಗೇಣು ದೂರ ಹಿಡಿದು ಆಡಿಸಿದ. ತಾಳಿ, ಬಳೆ, ಸೆರಗಿನ ಪಿನ್ನು, ಸೊಂಟದ ಕೀಲಿಗೊಂಚಲು, ಎಲ್ಲ ಒಂದಾದ ಮೇಲೊಂದು ಕೂಗಿದವು. "ನೀರಾಗ ಹಿಡಿಬೌದಾ?" ಎಂದೆ. "ನೀರಾಗ ಯಾಕ್ರೀ ಹಿಡೀತೀರಿ?" ಎಂದು ಅವನು ನನ್ನನ್ನೇ ಕೇಳಿದ. ಬಂದ ದಾರಿಗೆ ಸುಂಕವಿಲ್ಲ ಎನ್ನುತ್ತಾ ಹೊರಬಿದ್ದೆವು.

ಆಮೇಲೆ ಯಾರೋ ಕುರುಗೋಡಿನ ಒಬ್ಬರ ಹತ್ತಿರ ಇದೆಯಂತೆ ಎಂದರು. ಬಾದನಹಟ್ಟಿ ಕಡೆ ಹೊಲ, ಕುರುಗೋಡಿನಲ್ಲಿ ಮನೆ, ಒಳ್ಳೆ ಗಟ್ಟಿ ಕುಳ. ಸ್ಕೂಟರಿನಲ್ಲಿ ಬಿಸಿಲಿಗೆ ತಲೆ ಕಾಯಿಸಿಕೊಂಡು ಹೋದೆವು. ಆತ ನಮ್ಮನ್ನು ಒಳಗೆ ಕರೆದು, ಬಾಗಿಲು ಹಾಕಿ, ಚಿಲಕ ಹಾಕಿ, ಕಿಟಕಿಯನ್ನೂ ಹಾಕಿ, ಹಾಸಿಗೆ ಪೆಟ್ಟಿಗೆಯಿಂದ ಕಂಬಳಿಯಲ್ಲಿ ಸುತ್ತಿದ ಯಂತ್ರ ತೆಗೆದರು. ಬೋರಿನ ಪೈಪು ಎಲ್ಲಿ ಹೂತಿದೆ ಎಂದು ನೋಡಲು ತರಿಸಿದ್ದಂತೆ. ಪೈಪು ನೋಡುವ ಯಂತ್ರಕ್ಕೆ ಚಿಲಕ ಯಾಕೆ ಎಂದು ನಾನು ಕೇಳಲಿಲ್ಲ. ನಿಧಿಯ ಆಸೆಗೆ ಬಿದ್ದು ಹಾಳು ಗುಡಿಗಳನ್ನು ಅಗೆಯುವವರ ಸುದ್ದಿ ನಮ್ಮ ಕಡೆ ಆಗಾಗ ಬರುತ್ತಲೇ ಇರುತ್ತದೆ. ಇವರು ಅಷ್ಟು ಧೈರ್ಯದವರಲ್ಲ, ತಮ್ಮ ಹೊಲವನ್ನೇ ಅಗೆದುಕೊಂಡವರು. ಸಿಕ್ಕಿದ್ದು ಹಳೇ ನೇಗಿಲ ಗುಳ, ಒಂದು ಸೈಕಲ್ ಪೆಡಲು.

ಆ ಯಂತ್ರದ ತಟ್ಟೆ ನಮ್ಮ ರೊಟ್ಟಿ ಹೆಂಚಿಗಿಂತ ದೊಡ್ಡದು. ಆಳೆತ್ತರ ಕೆಳಗೆ ಕೊಪ್ಪರಿಗೆ ಇದ್ದರೆ ಹೇಳುತ್ತದೆ ಎಂದು ಅವರು ಹೆಮ್ಮೆಯಿಂದ ಹೇಳಿದರು. ನಾನು ಸೊಂಟದಿಂದ ಅಡಿಕೆ ಚೀಲ ತೆಗೆದು, ಅದರೊಳಗಿನ ಬೆಳ್ಳಿ ಸುಣ್ಣದ ಡಬ್ಬಿ ನೆಲಕ್ಕಿಟ್ಟೆ. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಕೊಪ್ಪರಿಗೆಗೆ ಮಾಡಿದ ತಟ್ಟೆಗೆ ಡಬ್ಬಿ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ತಟ್ಟೆ ಆಳ ನೋಡುತ್ತದೆ, ಸಣ್ಣದನ್ನು ಬಿಟ್ಟುಬಿಡುತ್ತದೆ ಎಂಬುದು ನನಗೆ ಅಲ್ಲೇ ಗೊತ್ತಾಯಿತು. ಮೇಲಾಗಿ ಅದರ ತಟ್ಟೆಯಷ್ಟೇ ನೀರಿಗೆ ಇಳಿಯಬಹುದು. ಹಿಡಿಕೆಯ ಹತ್ತಿರದ ಡಬ್ಬಿಗೆ ನಾಲ್ಕು ಹನಿ ಬಿದ್ದರೆ ಕಥೆ ಮುಗಿಯಿತು. ಮೊಣಕಾಲು ನೀರಿನಲ್ಲಿ ಜಾರಿ ಬೀಳದೆ ಇರಲು ನಾವೇನು ಕೊಕ್ಕರೆಗಳೇ? ಬೇಡವೆಂದು ಕೈಮುಗಿದೆವು. ಬಾಗಿಲು ತೆಗೆಯುವ ಮುಂಚೆ ಆತ ದನಿ ತಗ್ಗಿಸಿ ಕೇಳಿದರು:

"ಖರೇ ಹೇಳ್ರಿ ಅಮ್ಮಾ. ಎಲ್ಲೈತಿ ನಿಮ್ಮ ನಿಧಿ?"

"ಹೊಳ್ಯಾಗ," ಎಂದೆ. ಪಾಪ, ಅವರ ಮುಖ ನೋಡುವಂತಿತ್ತು.

ಹಾಗಾದರೆ ಹೊಸದನ್ನೇ ತರಿಸಬೇಕು ಎಂದಾಯಿತು. ಇಲ್ಲಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ. ನಮ್ಮ ಮನೆಯವರು ಸಮುದ್ರದವರ ಪಕ್ಷ. ವಿಡಿಯೊದ ಚಡ್ಡಿಯವನು ಹೇಳಿದ್ದೇ ವೇದ. ಅವನ ಕೈಯಲ್ಲಿದ್ದದ್ದು ಕಬ್ಬಿಣದ ಮರಳಿಗೂ ಉಪ್ಪಿಗೂ ಬೆದರದೆ ಆಳಕ್ಕೆ ಇಳಿಯುವ ಜಾತಿ. ಆದರೆ ಆ ಜಾತಿಗೆ ಒಂದೇ ಗುಣ: ಲೋಹವೆಂದರೆ ಲೋಹ. ಮೊಳೆಯೂ ಒಂದೇ, ಬೆಳ್ಳಿಯೂ ಒಂದೇ. ಕೂಗಿದಲ್ಲೆಲ್ಲ ಅಗೆಯಬೇಕು. ಚಡ್ಡಿಯವನ ಸಮುದ್ರ ತೊಳೆದಿಟ್ಟ ಅಂಗಳ. ನಮ್ಮ ಹೊಳೆಯಲ್ಲಿ ತಲೆಪಿನ್ನು, ಎತ್ತಿನ ಲಾಳ, ಬಾಟ್ಲಿ ಮುಚ್ಚಳ, ಟ್ರ್ಯಾಕ್ಟರಿನ ನಟ್ಟು, ಏನುಂಟು ಏನಿಲ್ಲ?

"ಹಂಗಾದ್ರ ಸಿಹಿ ನೀರಿಂದು ಸಾದಾ ತಗೊಳ್ಳೂಣು, ಹಗುರಿರ್ತೈತಿ," ಎಂದರು. ಸಾದಾ ಎಂದರೆ ನೆಲಕ್ಕೆ ಒಂದೇ ತರಂಗ ಕಳಿಸಿ, ಒಂದೇ ಸ್ವರದಲ್ಲಿ ಕೇಳುವ ಯಂತ್ರ. ಸಿಹಿ ನೀರಿಗೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಯಾಕೋ ಅನುಮಾನ. ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆ. ಮುರಿದ ಸೂಜಿ ಪ್ಯಾಂಟಿನೊಳಗೆ ಉಳಿದು ಯಾರಿಗಾದರೂ ಚುಚ್ಚಿದರೆ ಗತಿ ಏನು ಎಂದು, ನೆಲದ ಮೇಲೆ ಎಳೆಯಲು ಹಗ್ಗ ಕಟ್ಟಿದ ಒಂದು ದೊಡ್ಡ ಅಯಸ್ಕಾಂತ ಇಟ್ಟಿದ್ದೇವೆ. ಅದನ್ನು ಸಿರುಗುಪ್ಪಕ್ಕೆ ಒಯ್ದು ಹೊಳೆಯ ಮರಳಿನಲ್ಲಿ ಎಳೆದೆ. ಮೇಲಕ್ಕೆತ್ತಿದರೆ ಅದಕ್ಕೆ ಕಪ್ಪು ಗಡ್ಡ ಬಂದಿತ್ತು. ನಮ್ಮ ಸೀಮೆಯ ಗುಡ್ಡವೆಲ್ಲ ಕಬ್ಬಿಣ, ಆ ಗುಡ್ಡ ಸವೆದು ಬಂದ ಮರಳಿನಲ್ಲೂ ಕಬ್ಬಿಣ. ಸಾದಾ ಯಂತ್ರ ಇಲ್ಲಿ ಮರಳಿಗೇ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತದೆ. ಗಡ್ಡವನ್ನು ನಮ್ಮ ಮನೆಯವರ ಮುಂದೆ ಹಿಡಿದೆ. ಅವರು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಆತು ಮಾರಾಯ್ತಿ, ನೀ ಹೇಳಿದ್ದ" ಎಂದರು. ಮದುವೆಯಾದಾಗಿನಿಂದ ಆ ಮಾತಿಗೆ ಕಾದಿದ್ದೆ. ಯಂತ್ರದ ನೆವದಿಂದ ಬಂತು.

ಹಾಗಾಗಿ ನಾವು ಆರಿಸಿದ್ದು ಹಲವು ಸ್ವರದಲ್ಲಿ ಒಟ್ಟಿಗೆ ಕೇಳುವಂಥದ್ದು. ಸಮುದ್ರದ ದಂಡೆಯವರು ಅದನ್ನು ಉಪ್ಪಿಗಾಗಿ ಕೊಳ್ಳುತ್ತಾರೆ, ನಾವು ಕೊಂಡದ್ದು ಕಪ್ಪು ಮರಳಿಗಾಗಿ. ಕಬ್ಬಿಣಕ್ಕೆ ಸಣ್ಣ ಅಂಕಿ, ಬೆಳ್ಳಿಗೆ ದೊಡ್ಡ ಅಂಕಿ ತೋರಿಸುವ ಪರದೆ. ತಲೆಯಿಂದ ಕಾಲಿನವರೆಗೆ ನೀರಿಗೆ ಹೆದರದ ಮೈ. ತಟ್ಟೆ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು, ಸಣ್ಣ ಸಾಮಾನಿಗೆ ಅದೇ ಸರಿ. ಕೆಲವು ತಟ್ಟೆಗಳು ನೀರಿನಲ್ಲಿ ತೇಲುತ್ತವಂತೆ, ದಿನವಿಡೀ ಒತ್ತಿ ಹಿಡಿದು ರಟ್ಟೆ ಬೀಳುತ್ತದೆಯಂತೆ, ಅಂಥದ್ದು ಬೇಡ ಎಂದೆ. ಇನ್ನೊಂದು ಶರತ್ತು ನನ್ನದೇ: ಹಿಡಿಕೆ ನಡುಗಬೇಕು. ಹೊಲಿಗೆ ಯಂತ್ರಗಳ ನಡುವೆ ಇಷ್ಟು ವರ್ಷ ಕಳೆದ ನಮ್ಮ ಮನೆಯವರ ಕಿವಿಗೆ ಸಣ್ಣ ದನಿ ಬೀಳುವುದಿಲ್ಲ. ನಾನು ಕರೆದರೆ ಕೇಳುವುದೇ ಇಲ್ಲ, ಅದು ಬೇರೆ ರೋಗ. ಕೂಗಿದ್ದು ಕೇಳದಿದ್ದರೆ ಕೈಗಾದರೂ ತಿಳಿಯಲಿ ಎಂದು ನಡುಗುವ ಹಿಡಿಕೆಯದ್ದನ್ನೇ ತರಿಸಿದೆವು.

ಪೆಟ್ಟಿಗೆ ಬಂದ ದಿನ ಅಂಗಳದಲ್ಲಿ ಪರೀಕ್ಷೆ. ನನ್ನ ಕರಡಿಗೆ ಬಕೆಟ್ಟಿಗೆ ಹಾಕಿ ನೋಡೋಣ ಎಂದು ನಮ್ಮ ಮನೆಯವರು ಬಾಯಿ ಬಿಟ್ಟರು. ಅತ್ತೆ ಎಷ್ಟೋ ದಿನದ ಮೇಲೆ ಗದರಿದರು. "ಲಿಂಗ ಪರೀಕ್ಷಾ ಮಾಡೋ ಸಾಮಾನೇನೋ?" ಅಬ್ಬ, ಆ ಗದರಿಕೆ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಓಡಿ ಹೋಗಿ ಬೆಳ್ಳಿಯ ಕುಂಕುಮದ ಡಬ್ಬಿ ತಂದೆ. ಬಕೆಟ್ಟಿನ ತಳದಲ್ಲಿ ಡಬ್ಬಿ, ಮೇಲೆ ಮರಳು, ಅದರ ಮೇಲೆ ನೀರು. ಯಂತ್ರ ಇಂಪಾಗಿ ಕೂಗಿತು, ದೊಡ್ಡ ಅಂಕಿ ತೋರಿಸಿತು. ಆ ಅಂಕಿಯನ್ನು ನಾವು ಮೂವರೂ ಬಾಯಿಪಾಠ ಮಾಡಿದೆವು.

ಮರುದಿನದಿಂದ ಸಿರುಗುಪ್ಪದ ಹೊಳೆ. ಮೊದಲು ಠಾಣೆಗೆ ಹೋಗಿ, ಹೀಗ್ಹೀಗೆ, ನಿಧಿಯಲ್ಲ, ಅತ್ತೆಯ ಕರಡಿಗೆ ಎಂದು ಹೇಳಿ ಬಂದೆವು. ಹಳೇ ಕಾಲದ್ದೇನಾದರೂ ಸಿಕ್ಕರೆ ತಂದೊಪ್ಪಿಸಿ ಎಂದರು. ಆಗಲಿ ಎಂದೆವು. ನಮ್ಮ ಮನೆಯವರು ಯಂತ್ರ ಆಡಿಸುವುದು, ನಾನು ಪಕ್ಕದಲ್ಲೇ ನಡೆದು ಕೂಗಿದಲ್ಲಿ ಮರಳು ಎತ್ತುವುದು. ಎತ್ತಲಿಕ್ಕೆ ಮಿರ್ಚಿ ಕರಿಯುವವರ ತೂತು ತೂತಿನ ದೊಡ್ಡ ಸೌಟಿಗೆ ಉದ್ದನೆ ಕೋಲು ಕಟ್ಟಿಸಿದ್ದೆವು. ಅತ್ತೆ ದಂಡೆಯಲ್ಲಿ ಕೊಡೆ ಹಿಡಿದು ಕೂತು ಉಸ್ತುವಾರಿ.

ಮೊದಲು ಕಾಟ ಕೊಟ್ಟದ್ದು ನಾಣ್ಯಗಳು. ಹೊಳೆ ದಾಟುವವರು ಗಂಗಮ್ಮನಿಗೆಂದು ನಾಣ್ಯ ಎಸೆಯುತ್ತಾರಲ್ಲ, ತಲೆಮಾರುಗಳ ಭಕ್ತಿ ಆ ಮರಳಿನಲ್ಲಿತ್ತು. ಎತ್ತಿದ ನಾಣ್ಯ ಇಟ್ಟುಕೊಳ್ಳಲು ಅತ್ತೆ ಬಿಡುವುದಿಲ್ಲ. "ಗಂಗಮ್ಮಂದು ಗಂಗಮ್ಮಗ ಕೊಡ್ರಿ" ಎಂದು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ತಿರುಗಿ ನೀರಿಗೆ. ಎಸೆತ ಎಷ್ಟು ದೂರ ಹೋದೀತು ಅವರ ಕೈಯಿಂದ? ನಮ್ಮ ಮುಂದೆಯೇ ಬೀಳುತ್ತಿತ್ತು. ತುಸು ಹೊತ್ತಿಗೆ ಯಂತ್ರ ಅದಕ್ಕೇ ಮತ್ತೆ ಕೂಗುತ್ತಿತ್ತು. ಒಂದು ನಾಣ್ಯದ ಅಂಚು ಮುರಿದಿತ್ತು, ಅದನ್ನು ನಾನು ಎಷ್ಟು ಸಲ ಎತ್ತಿದೆನೆಂದರೆ ಕೊನೆಗೆ ನೆಂಟರ ಹಾಗೆ "ಬಂದ್ಯಾ?" ಎಂದು ಮಾತಾಡಿಸುವಂತಾಯಿತು. ಆಮೇಲೆ ನಾಣ್ಯಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿ, ಸಂಜೆ ಕೆಳಗಿನ ಮಡುವಿನಲ್ಲಿ ಬಿಡುವುದೆಂದು ರಾಜಿಯಾಯಿತು.

ಎರಡನೆಯ ಕಾಟ ನಾನೇ. ಅಂದರೆ ನನ್ನ ಕಾಲುಂಗುರ. ಯಂತ್ರ ಇಂಪಾಗಿ ಕೂಗಿ, ಬಾಯಿಪಾಠದ ಅಂಕಿ ತೋರಿಸಿದಾಗ ಮೊದಲ ದಿನ ನಮ್ಮ ಮನೆಯವರು "ಯವ್ವಾ, ಸಿಕ್ತು!" ಎಂದು ಕೂಗಿದರು. ಅತ್ತೆ ಕೊಡೆ ಬಿಟ್ಟು ಎದ್ದು ನಿಂತರು. ಸೌಟು ಹಾಕಿ ಹಾಕಿ ಮೊಣಕೈ ಆಳದ ಗುಂಡಿಯಾಯಿತು, ಏನೂ ಇಲ್ಲ. ನಾನು ಪಕ್ಕಕ್ಕೆ ಸರಿದೆ, ಯಂತ್ರ ಸುಮ್ಮನಾಯಿತು. ಹತ್ತಿರ ಬಂದೆ, ಕೂಗಿತು. ಹೆಬ್ಬೆರಳ ಪಕ್ಕದ ಬೆರಳುಗಳಲ್ಲಿ ಎರಡೆರಡು ಸುತ್ತಿನ ಗಟ್ಟಿ ಬೆಳ್ಳಿ ಕಾಲುಂಗುರ, ತವರಿನವರು ಕೈಬಿಚ್ಚಿ ಮಾಡಿಸಿದ್ದು. ಬೆಳ್ಳಿಗೆ ಬೆಳ್ಳಿಯ ಅಂಕಿ ಬಾರದೆ ಇನ್ನೇನು ಬಂದೀತು? "ತಗದಿಟ್ಟು ಬರ್ತೀನಿ ತಡೀರಿ," ಎಂದೆ.

"ಏನಂದಿ?" ದಂಡೆಯಿಂದ ಅತ್ತೆಯ ದನಿ. "ಗಂಡ ಎದುರಿಗಿ ಗಟ್ಟಿಮುಟ್ಟಾಗಿ ನಿಂತಾನ, ಮುತ್ತೈದಿ ಕಾಲುಂಗುರ ತಗೀತಾರೇನ? ನನ್ನ ಲಿಂಗ ಸಿಗದಿದ್ರ ಅಷ್ಟ ಹೋತು."

"ಒಂದು ತಾಸಿಗಿ ಏನಾಗ್ತೈತ್ರೀ?"

"ಒಂದು ಕ್ಷಣನೂ ಇಲ್ಲ."

ನಾನು ವಾದಿಸಲು ಬಾಯಿ ತೆರೆದವಳು ಅವರ ಕಾಲು ನೋಡಿದೆ. ಮರಳಿನ ಮೇಲೆ ಚಾಚಿದ್ದ ಬರಿಯ ಬೆರಳುಗಳು. ಸೌಟು ಎತ್ತಿಕೊಂಡೆ.

ಹಾಗಾಗಿ ಹೊಸ ಪದ್ಧತಿ ಶುರುವಾಯಿತು. ಬೆಳ್ಳಿಯ ಅಂಕಿ ಬಂದ ಕೂಡಲೇ ನಮ್ಮ ಮನೆಯವರು ತಲೆ ಎತ್ತದೆ "ಕಾಲು ತಗಿ" ಎನ್ನುವುದು, ನಾನು ಒಂದು ಹೆಜ್ಜೆ ಹಿಂದೆ ಹೋಗುವುದು, ಅವರು ಯಂತ್ರ ಮುಂದೆ ನೂಕಿಕೊಂಡು ಹೋಗುವುದು. ಮೊದಮೊದಲು ನಾನು ಹಿಂದೆ ಸರಿದ ಮೇಲೆ ಇನ್ನೊಮ್ಮೆ ಆಡಿಸಿ ನೋಡುತ್ತಿದ್ದರು. ಬಿಸಿಲು ಏರಿದ ಹಾಗೆ ಅದೂ ಬಿಟ್ಟುಹೋಯಿತು. ದಿನಗಳು ಹೀಗೇ ಹೋದವು. ಕಾರ್ಖಾನೆಗೆ ರಜೆ ಇದ್ದಾಗೆಲ್ಲ ನಸುಕಿನಲ್ಲೇ ಹೊರಟು ಬರುವುದು, "ಕಾಲು ತಗಿ", ತಲೆಪಿನ್ನು, "ಕಾಲು ತಗಿ", ಲಾಳ. ಬಟ್ಟೆ ಒಗೆಯುವ ಹೆಂಗಸರು ನನ್ನನ್ನು ಕಂಡರೆ "ಬಂದ್ಲು ನೋಡ್ರೇ ಕಾಲು ತಗಿ" ಎಂದು ನಗುತ್ತಿದ್ದರು. ಮೇಲಿನ ಸೀಮೆಯಲ್ಲಿ ಮಳೆ ಶುರುವಾಯಿತೆಂದು ನಾದಿನಿಯ ಗಂಡ ಸುದ್ದಿ ತಂದ. ಅವತ್ತು ಅತ್ತೆಯ ಅರ್ಧ ರೊಟ್ಟಿಯೂ ತಟ್ಟೆಯಲ್ಲೇ ಉಳಿಯಿತು.

ಅದಾದ ಮುಂದಿನ ಭಾನುವಾರ ನಮ್ಮ ಮನೆಯವರಿಗೂ ನನಗೂ ಹೊಳೆಯ ನಡುವೆಯೇ ಜಗಳ. ಅವರು ಇನ್ನೂ ಕೆಳಗೆ ಹೋಗೋಣ ಎಂದರು, ನಾನು ಮುಳುಗು ಹಾಕಿದ ಜಾಗವನ್ನೇ ಇನ್ನೊಮ್ಮೆ ನೋಡೋಣ ಎಂದೆ. "ಹತ್ತು ಸಲ ನೋಡೀವಲ್ಲ!" ಎಂದರು. "ಹಂಗಾರ ನೀವ ಮಾಡ್ಕೊಳ್ರಿ" ಎಂದು ಸೌಟು ಅವರ ಕೈಗೆ ಕೊಟ್ಟು, ದಂಡೆಗೆ ಬಂದು ಬುತ್ತಿ ಬಿಚ್ಚುತ್ತಾ ಕೂತೆ. ಅತ್ತೆ ನಮ್ಮಿಬ್ಬರನ್ನೂ ನೋಡಿದರು. ಮೆಲ್ಲಗೆ ಎದ್ದು, ಸೀರೆ ಎತ್ತಿ ಕಟ್ಟಿ, ತಾವೇ ನೀರಿಗೆ ಇಳಿದರು.

"ನಡಿಯೋ, ನಾ ಕುಂತಿದ್ದು ಎಲ್ಲಂತ ತೋರಸ್ತೀನಿ," ಎಂದು ಮಗನ ತೋಳು ಹಿಡಿದುಕೊಂಡು ಹೋಗಿ ನಿಂತರು. ಅವ್ವನ ಮನಸ್ಸಿಗೆ ನೋವಾಗದಿರಲಿ ಎಂದು ನಮ್ಮ ಮನೆಯವರು ಅಲ್ಲೇ ಯಂತ್ರ ಆಡಿಸಿದರು. ನಾನು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕುತ್ತಿದ್ದೆ. ಯಂತ್ರ ಇಂಪಾಗಿ ಕೂಗಿತು.

"ಏ, ಕಾಲು ತಗಿಯೇ!" ಎಂದರು ನಮ್ಮ ಮನೆಯವರು, ತಲೆ ಎತ್ತದೆ.

ನನಗೆ ಪಿತ್ತ ನೆತ್ತಿಗೇರಿತು. "ನನ್ನ ಕಾಲು ಇಲ್ಲಿ ಅದಾವ್ರೀ!" ಎಂದು ದಂಡೆಯಿಂದ ಕಿರುಚಿದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಅವ್ವನನ್ನು ನೋಡಿದರು. ಆಮೇಲೆ ಅವ್ವನ ಕಾಲಿನ ಕಡೆ, ತಿಳಿನೀರಿನ ಕೆಳಗೆ ಕಾಣುತ್ತಿದ್ದ ಏನೂ ಇಲ್ಲದ ಬೆರಳುಗಳ ಕಡೆ ನೋಡಿದರು. ಯಂತ್ರ ಕೂಗುತ್ತಲೇ ಇತ್ತು. ಎಷ್ಟು ದಿನ, ಎಷ್ಟು ಸಲ, ನಾನು ಅದರ ಮೇಲೆಯೇ ನಿಂತು, ಅವರು ಕಾಲು ತಗಿ ಎಂದು, ಇಬ್ಬರೂ ಮುಂದೆ ಹೋಗಿದ್ದೆವೋ, ಆ ಗಂಗಮ್ಮನಿಗೇ ಗೊತ್ತು.

ಸೌಟನ್ನು ಅವರು ಎರಡು ಸಲ ಹಾಕಿದರು. ಎರಡನೆಯ ಸಲ ಮರಳು ಸೋರಿ ಹೋಗಿ, ತಳದಲ್ಲಿ ಕರ್ರಗಾದ ಒಂದು ಉಂಡೆ ಉಳಿಯಿತು. ನಾನು ಚಟ್ನಿ ಕೈಯಲ್ಲೇ ನೀರಿಗೆ ಓಡಿದೆ. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ, ಮುಚ್ಚಳ ತಿರುವಿದರು. ಅದು ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ತಿರುವಿದರು. ಒಳಗೆ ಬಟ್ಟೆ ನೆನೆದು ಮೆತ್ತಗಾಗಿತ್ತು, ಅದರೊಳಗೆ ಲಿಂಗ ಇದ್ದಂತೆಯೇ ಇತ್ತು. ಅವರು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ಹೊಳೆ ನೀರು ಬಿಟ್ಟು, ಕಣ್ಣು ಮುಚ್ಚಿ ನಿಂತರು. ನಮ್ಮ ಮನೆಯವರು ಮಕ್ಕಳ ಹಾಗೆ ಅಳುತ್ತಿದ್ದರು. ಬಟ್ಟೆ ಒಗೆಯುವ ಹೆಂಗಸರು ಕಲ್ಲಿನ ಮೇಲೆ ಬಟ್ಟೆ ಬಿಟ್ಟು ಎದ್ದು ನಿಂತಿದ್ದರು. ನನ್ನ ಕಾಲು ಹತ್ತಿರ ಬಂದದ್ದಕ್ಕೆ ಯಂತ್ರ ಮತ್ತೆ ಕೂಗತೊಡಗಿತು, ಗುಂಡಿ ಒತ್ತಿ ನಾನೇ ಅದರ ಬಾಯಿ ಮುಚ್ಚಿಸಿದೆ.

ಸುದ್ದಿ ಕೇಳಿ ನಾದಿನಿಯೂ ಓಡಿ ಬಂದಳು. ಆಮೇಲೆ ದಂಡೆಯಲ್ಲಿ ಊಟ. ಅತ್ತೆ ಎರಡು ರೊಟ್ಟಿ ಉಂಡರು. ಚಟ್ನಿಗೆ ಬೆಳ್ಳುಳ್ಳಿ ಕಡಿಮೆ ಎಂದರು. ಹೊಸ ಲಿಂಗವನ್ನು ಮಠಕ್ಕೆ ಒಪ್ಪಿಸಿ ಬರಬೇಕು, ಡಬ್ಬಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಬೇಕು, ದಾರ ಗಟ್ಟಿಯದು ನೋಡಬೇಕು ಎಂದು ಒಂದೇ ಸಮನೆ ಮಾತು. ನಾನು ಕೇಳುತ್ತಾ ಕೂತಿದ್ದೆ, ಹೊಟ್ಟೆ ತುಂಬಿದ ಹಾಗಿತ್ತು. ಆಗ ಅವರು ಕರಡಿಗೆಯನ್ನು ಎದೆಗೊತ್ತಿಕೊಂಡು, ದೊಡ್ಡ ಉಸಿರು ಬಿಟ್ಟು, ನಗುನಗುತ್ತಾ ಹೇಳಿದರು:

"ಇನ್ನ ಏನೂ ಚಿಂತಿಲ್ಲ ಬೇ. ಇನ್ನ ನಾ ಯಾವಾಗ ಹೋದ್ರೂ ಆತು."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಂಕಿ, ತಟ್ಟೆ, ಕಪ್ಪು ಮರಳು ಎಂದು ಇಡೀ ಬೇಸಿಗೆ ತಲೆ ಕೆಡಿಸಿಕೊಂಡಿದ್ದೆನಲ್ಲ, ನಾನು ಹುಡುಕಿದ್ದು ಏನನ್ನು ಎಂದು ಆಗ ಹೊಳೆಯಿತು. ಇಲ್ಲಿಂದ ಹೊರಡಲು ಅವರಿಗೆ ಬಾಕಿ ಇದ್ದದ್ದು ಅದೊಂದೇ ಸಾಮಾನು. ಅದನ್ನು ನಾನೇ ಮುಂದೆ ನಿಂತು, ಆರಿಸಿ ತಂದ ಯಂತ್ರದಿಂದ ಹುಡುಕಿಸಿ, ಕೈಗೆ ಕೊಟ್ಟಿದ್ದೆ. ನನಗೆ ಎಂಥ ಸಿಟ್ಟು ಬಂತೆಂದರೆ, ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

"ಕೊಡ್ರಿ ಇಲ್ಲಿ ಅದನ್ನ," ಎಂದು ಕೈ ಚಾಚಿದೆ.

"ಯಾಕ ಬೇ?"

"ತಿರುಗಿ ನೀರಾಗ ಒಗೀತೀನಿ. ಸಿಗದ ಇರಲಿ. ಅದಿಲ್ಲದ ಹೆಂಗ ಹೋಗ್ತೀರಿ ನೋಡ್ತೀನಿ."

ಅತ್ತೆ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನನ್ನ ಮುಖವನ್ನೇ ನೋಡಿದರು. ನಗು ನಿಂತಿತ್ತು. ಇಪ್ಪತ್ತು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ಎಷ್ಟೋ ಮಾತು ಆಡಿದ್ದೆವು, ನೀವು ನನಗೆ ಬೇಕು ಎಂಬ ಮಾತು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ನಾದಿನಿ ಇದ್ದಳು, ಮಗ ಇದ್ದರು, ಅವರ ಮುಂದೆ ಸೊಸೆ ಹೀಗೆ ಹಟ ಹಿಡಿದು ಕೂತದ್ದು ಅತ್ತೆಗೂ ಹೊಸದು. ಅವರು ತಟ್ಟೆಯನ್ನು ನನ್ನ ಕಡೆ ನೂಕಿದರು.

"ಆತು, ಹೋಗಂಗಿಲ್ಲ ಬಿಡು," ಎಂದರು. "ಇನ್ನೊಂದು ರೊಟ್ಟಿ ಹಾಕು."

ಹಾಕಿದೆ. ಎರಡೂ ಕೈಗೆ ಚಟ್ನಿಯ ಖಾರ ಹತ್ತಿತ್ತು, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.